ಮಳೆ ರಜೆಯ ಲೆಕ್ಕ ಯಾವ ಪುಸ್ತಕದಲ್ಲಿ?



ಕಳೆದ ಮಳೆಗಾಲದಲ್ಲಿ ಸಂಘದ ಗೋದಾಮಿನಲ್ಲಿ ಮೈಲುತುತ್ತ ವಿತರಣೆ ನಡೆಯುತ್ತಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ಅಪ್ಪನ ಪಾಸ್ ಪುಸ್ತಕ ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಂತಿದ್ದ. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದ. ಶಾಲೆಗೆ ಹೋಗಲಿಲ್ಲವೇನೋ ಎಂದು ವಿಚಾರಿಸಿದೆವು. "ರಜೆ ಮಾಮ" ಎಂದ. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಲೆಕ್ಕ ಹಾಕಿ, "ಡಿ.ಸಿ. ಕೊಟ್ಟಿದ್ದು ನಾಲ್ಕು ದಿನ. ನಮಗೆ ಒಂಬತ್ತು ದಿನ ಆಯ್ತು. ಸಂಕ ಹೋಗಿದೆ" ಎಂದ. ಅಪ್ಪ ಎಲ್ಲಿ ಎಂದರೆ, ಮಳೆ ಹೊಳವಾದರೆ ಔಷಧಿ ಹೊಡೆಯಬೇಕೆಂದು ಕೊನೆಗಾರನನ್ನು ಹುಡುಕಿಕೊಂಡು ಹೋಗಿದ್ದಾರೆ ಎಂದು ಉತ್ತರ ಬಂತು. ಹುಡುಗ ತನ್ನ ಪಾಲಿನ ಮೈಲುತುತ್ತ ಹೊತ್ತು ಮಳೆಯಲ್ಲೇ ಹೊರಟುಹೋದ. ನಾವು ರಿಜಿಸ್ಟರಿನಲ್ಲಿ ಮುಂದಿನ ಹೆಸರು ಕೂಗಿದೆವು.

ಆ ಹುಡುಗನ ನಾಲ್ಕಕ್ಕೂ ಒಂಬತ್ತಕ್ಕೂ ನಡುವೆ ಇರುವ ಐದು ದಿನಗಳು ನಮ್ಮ ತಲೆಯಿಂದ ಹೋಗಿಲ್ಲ. ಅದೇ ಮಳೆಗೆ ನಮ್ಮ ಅಡಿಕೆಗೂ ಕಾಳುಮೆಣಸಿಗೂ ಒಂದು ಲೆಕ್ಕವಿದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ನಾವು ಕಂತು ಕಟ್ಟಿದ್ದೇವೆ. ಮಳೆಮಾಪಕ ಎಷ್ಟು ಮಿಲಿಮೀಟರ್ ತೋರಿಸಿತು, ಎಷ್ಟು ದಿನ ಬಿಡದೆ ಸುರಿಯಿತು ಎಂಬುದರ ಮೇಲೆ ಪರಿಹಾರದ ಹಣ ನಿಗದಿಯಾಗುತ್ತದೆ. ಮಾಪಕ ಕೆಟ್ಟಿತ್ತು, ಲೆಕ್ಕ ತಪ್ಪಾಯಿತು ಎಂದು ನಾವು ಪ್ರತಿ ವರ್ಷವೂ ಜಗಳ ಕಾಯುತ್ತೇವೆ, ಕಾಯಲೇಬೇಕು. ಆದರೆ ಅದೇ ಮಳೆ ಮಗುವಿನ ಪುಸ್ತಕದಿಂದ ಐದು ದಿನ ಕಿತ್ತುಕೊಂಡರೆ ಅದನ್ನು ಅಳೆಯುವ ಮಾಪಕವಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಐದು ದಿನ ‘ಗೈರು’ ಎಂದಷ್ಟೇ ಇರುತ್ತದೆ. ಹುಡುಗ ಸೋಮಾರಿ ಎಂಬಂತೆ!

ಈ ಸಂಚಿಕೆಯಲ್ಲಿ ಕೊಳೆರೋಗದ ಬಗ್ಗೆಯೋ ರೊಬಸ್ಟಾ ಧಾರಣೆಯ ಬಗ್ಗೆಯೋ ಬರೆಯುವ ಬದಲು ಮಕ್ಕಳ ಹಕ್ಕಿನ ಬಗ್ಗೆ ಬರೆಯಲು ಕುಳಿತಿದ್ದೇವೆ ಎಂದರೆ ಕೆಲವು ಸದಸ್ಯರು ಹುಬ್ಬೇರಿಸಬಹುದು. ಹಕ್ಕು ಎಂಬ ಮಾತೇ ನಮ್ಮಲ್ಲಿ ಸ್ವಲ್ಪ ಕಹಿ. ಪಹಣಿ ಪತ್ರಿಕೆಯಲ್ಲಿ ಬರುವ ಹಕ್ಕು ನಮಗೆ ಗೊತ್ತು, ಬಾಣೆ-ಬೆಟ್ಟದ ಹಕ್ಕು ಗೊತ್ತು, ನೀರಿನ ಹಕ್ಕಿಗೆ ಅಣ್ಣ-ತಮ್ಮಂದಿರು ಕೋರ್ಟು ಹತ್ತಿದ್ದೂ ಗೊತ್ತು. ಮಕ್ಕಳಿಗೆ ಹಕ್ಕು ಎಂಬುದು ಪಟ್ಟಣದವರ ಮಾತು ಎಂದೇ ಬಹುಮಂದಿಯ ಭಾವನೆ. ಆದರೆ ಇದು ಬರೀ ಮಾತಲ್ಲ, ಸಹಿಯಾದ ಪತ್ರ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರ ಡಿಸೆಂಬರ್ 11ರಂದು ಭಾರತ ಅದನ್ನು ಒಪ್ಪಿಕೊಂಡಿತು. ಅದರ 6ನೇ ವಿಧಿ ಬದುಕಿ ಬೆಳೆಯುವ ಹಕ್ಕನ್ನು, 24ನೇ ವಿಧಿ ಆರೋಗ್ಯದ ಹಕ್ಕನ್ನು, 28ನೇ ವಿಧಿ ಶಿಕ್ಷಣದ ಹಕ್ಕನ್ನು ಹೇಳುತ್ತವೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತನ್ನು ಕೇಳಬೇಕು ಎನ್ನುವುದು 12ನೇ ವಿಧಿ. ನಮ್ಮ ದೇಶದ್ದೇ ಆದ ಕಡ್ಡಾಯ ಶಿಕ್ಷಣದ ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 5ನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 6ರಿಂದ 8ರವರೆಗೆ 220 ದಿನ ಪಾಠ ನಡೆಯಬೇಕು. ಆ ಹುಡುಗ ಆರನೇ ತರಗತಿ. ಅವನಿಗೆ ಬರಬೇಕಾದ 220 ದಿನಗಳಲ್ಲಿ ಹಳ್ಳ ಎಷ್ಟು ತಿಂದಿತು, ಯಾರು ಕೊಡಬೇಕು?

ಮಳೆ ಎಂಬುದು ಮಲೆನಾಡಿಗೆ ಹೊಸತೇ ಎಂದು ಹಿರಿಯರು ಕೇಳುತ್ತಾರೆ. ನಾವೂ ಗೋಣಿಕೊಪ್ಪೆ ಹಾಕಿಕೊಂಡು ಮೂರು ಮೈಲಿ ನಡೆದು ಶಾಲೆ ಕಲಿತವರೇ. ಪುನರ್ವಸು, ಪುಷ್ಯ ಸುರಿಯುವಾಗ ಮನೆಯ ಹೊರಗೆ ಕಾಲಿಡದ ದಿನಗಳು ನಮ್ಮ ಬಾಲ್ಯದಲ್ಲೂ ಇದ್ದವು. ನಿಜ. ಆದರೆ ಆ ಮಳೆಗೆ ಒಂದು ನಡೆ ಇತ್ತು. ಮೃಗಶಿರದಲ್ಲಿ ಹಿಡಿದದ್ದು ಆರಿದ್ರೆಯಲ್ಲಿ ಜಿನುಗಿ, ಪುಷ್ಯದಲ್ಲಿ ಭೋರ್ಗರೆದು, ಮಘೆಯ ಹೊತ್ತಿಗೆ ಸುಸ್ತಾಗುತ್ತಿತ್ತು. ಬೇಸಾಯಗಾರ ಹೇಗೋ ಹಾಗೆ ಶಾಲೆಯ ಮೇಷ್ಟರೂ ಅದಕ್ಕೆ ಹೊಂದಿಕೊಂಡಿದ್ದರು. ಈಗಿನ ಮಳೆ ಹಾಗಲ್ಲ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಹೂಮಳೆಗಾಗಿ ಮಾರ್ಚಿಯಲ್ಲಿ ಆಕಾಶ ನೋಡಿದವರು, 2021ರ ನವೆಂಬರಿನಲ್ಲಿ ಕಣದ ಕಾಫಿಗೂ ಕೊಯ್ದ ಅಡಿಕೆಗೂ ಟಾರ್ಪಾಲು ಹೊದಿಸಿ ಹೊದಿಸಿ ಸೋತವರು ನೀವೇ. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್; ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಘೋಷಿಸಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿಳಿಯಿತು, ಶಾಲೆಯ ಬಾಗಿಲು ತೆರೆಯುವುದಕ್ಕೂ ಮೊದಲೇ.

ಕಾರಣ ದೊಡ್ಡ ರಹಸ್ಯವೇನೂ ಅಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟು, ಕಾಡು ಕಡಿದು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್ ಭೂಮಿಯ ಕಾವನ್ನು ಹೊರಗೆ ಹೋಗಗೊಡದೆ ಹಿಡಿದಿಡುತ್ತದೆ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಇದನ್ನು ಅಳೆಯಲು ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 315 ಪಾಲಿತ್ತು; ಈಗ 420 ದಾಟಿದೆ. ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕೆ ಹೋಲಿಸಿದರೆ 2024ನೇ ವರ್ಷದ ಸರಾಸರಿ ಉಷ್ಣತೆ ಒಂದೂವರೆ ಡಿಗ್ರಿಗಿಂತ ಹೆಚ್ಚಿತ್ತು. ಹೀಗಾದದ್ದು ಅದೇ ಮೊದಲು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ದೊಡ್ಡ ಕೊಡ ಹೊತ್ತವನು ಎಡವಿದರೆ ಒಮ್ಮೆಗೇ ಹೆಚ್ಚು ನೀರು ಚೆಲ್ಲುತ್ತದಲ್ಲವೇ, ಹಾಗೆ. ವರ್ಷದ ಒಟ್ಟು ಇಂಚು ಅಷ್ಟೇ ಇದ್ದರೂ ಅದು ನಾಲ್ಕು ದಿನದಲ್ಲಿ ಬಂದರೆ ಗುಡ್ಡ ತಡೆಯುವುದಿಲ್ಲ.

ಗುಡ್ಡ ತಡೆಯಲಿಲ್ಲ ಎಂಬುದನ್ನು ನಾವು ಮೂರು ವರ್ಷ ಸತತವಾಗಿ, ಒಂದೇ ನಕ್ಷತ್ರದಲ್ಲಿ ನೋಡಿದೆವು. 2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷದ ಕೊನೆಗೆ, ಮಡಿಕೇರಿ ತಾಲೂಕಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಕಾಫಿ ತೋಟಗಳು ಮರ ಸಮೇತ ಜಾರಿ ಇಳಿದವು. 2019ರ ಆಶ್ಲೇಷದಲ್ಲಿ ವಿರಾಜಪೇಟೆಯ ಹತ್ತಿರದ ತೋರ, ನಮ್ಮ ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿ. 2020ರ ಆಶ್ಲೇಷದಲ್ಲಿ ತಲಕಾವೇರಿಯ ಬೆಟ್ಟ. 2018ರ ಆ ದಿನಗಳಲ್ಲಿ ಹುಟ್ಟಿದ ಮಗು ಈಗ ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತಿದೆ. ಆ ವರ್ಷ ನೆಟ್ಟ ಅಡಿಕೆ ಸಸಿ ಸಿಂಗಾರ ಬಿಟ್ಟಿದೆ. ಆ ಮರಕ್ಕೆ ಇನ್ನೂ ಐವತ್ತು ವರ್ಷ ಆಯುಷ್ಯವಿದೆ ಎಂದು ನಾವು ಲೆಕ್ಕ ಹಾಕಿಯೇ ನೆಟ್ಟದ್ದು. ಆ ಐವತ್ತು ವರ್ಷದ ಮಳೆ-ಬಿಸಿಲು ಹೇಗಿರುತ್ತದೆ ಎಂಬ ಪ್ರಶ್ನೆ ಮರದ್ದೂ ಹೌದು, ಅದರ ಬುಡಕ್ಕೆ ಮುಂದೆ ಗೊಬ್ಬರ ಹಾಕುವ ಮಗುವಿನದೂ ಹೌದು.

2024ರ ಜುಲೈ 30ರ ಬೆಳಗಿನ ಜಾವ, ಪುಷ್ಯ ಮಳೆಯಲ್ಲಿ, ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದ ಮೇಲೆ ಗುಡ್ಡ ಹರಿದು ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೊಳೆಯ ಬದಿಯಲ್ಲಿದ್ದ ವೆಳ್ಳಾರ್‌ಮಲದ ಸರಕಾರಿ ಶಾಲೆ ಕೆಸರು, ಬಂಡೆಗಳಲ್ಲಿ ಹೂತುಹೋಯಿತು. ಅಲ್ಲಿ ಓದುತ್ತಿದ್ದ ಎಷ್ಟೋ ಮಕ್ಕಳು ಉಳಿಯಲಿಲ್ಲ. ಉಳಿದವರಿಗೆ ಮುಂದೆ ಮೇಪ್ಪಾಡಿಯಲ್ಲಿ ಪಾಠ ನಡೆಯಿತು. ಆ ದಿನದ ಮಳೆಯ ತೀವ್ರತೆ ಹವಾಮಾನ ಬದಲಾವಣೆಯಿಂದಾಗಿ ನೂರಕ್ಕೆ ಹತ್ತರಷ್ಟು ಹೆಚ್ಚಿತ್ತು ಎಂದು ವಿಜ್ಞಾನಿಗಳ ತಂಡವೊಂದು ಮುಂದಿನ ತಿಂಗಳೇ ಲೆಕ್ಕ ಕೊಟ್ಟಿತು. ಹತ್ತರಷ್ಟೇ ತಾನೇ ಎಂದು ಯಾರಾದರೂ ಕೇಳಬಹುದು. ತುಂಬಿದ ಕೆರೆಯ ಏರಿಯ ಮೇಲೆ ಒಂದು ಗೇಣು ನೀರು ಹೆಚ್ಚು ಬಂದರೆ ಏನಾಗುತ್ತದೆಂದು ಅವರಿಗೆ ತಿಳಿಯದೇ?

ಸಾವಿನ ಲೆಕ್ಕವಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಉಳಿದದ್ದು ಬರುವುದಿಲ್ಲ. 2024ನೇ ಒಂದೇ ವರ್ಷದಲ್ಲಿ ಬಿಸಿಗಾಳಿ, ನೆರೆ, ಬಿರುಗಾಳಿ, ಬರಗಳಿಂದ 85 ದೇಶಗಳ ಸುಮಾರು 24 ಕೋಟಿ ಮಕ್ಕಳ ಶಾಲೆಗೆ ಅಡ್ಡಿಯಾಯಿತೆಂದು ಯುನಿಸೆಫ್ ಲೆಕ್ಕ ಹಾಕಿದೆ. ನಮ್ಮ ಗೋದಾಮಿನ ಹುಡುಗನ ಐದು ದಿನ ಅದರಲ್ಲಿ ಸೇರಿರಲಾರದು. ಚಿಕ್ಕವರ ದೇಹಕ್ಕೆ ಕಾವೂ ಬೇಗ ಏರುತ್ತದೆ, ರೋಗವೂ ಬೇಗ ಹತ್ತುತ್ತದೆ. 2024ರಲ್ಲಿ ಡೆಂಗಿ ಜ್ವರ ಹಾಸನ, ಚಿಕ್ಕಮಗಳೂರು ಜಿಲ್ಲೆಗಳನ್ನು ಹೇಗೆ ಕಾಡಿತೆಂಬುದು ನೆನಪಿದೆಯಷ್ಟೆ. ಮಳೆ ಬಂದು ನಿಂತು, ಬಿಸಿಲು ಬಿದ್ದು, ಮತ್ತೆ ಮಳೆ ಬರುವ ಈಗಿನ ಚಾಳಿಯಲ್ಲಿ ತೋಟದಲ್ಲಿ ಬಿದ್ದ ಪ್ರತಿಯೊಂದು ಅಡಿಕೆ ಹಾಳೆಯೂ ಸೊಳ್ಳೆಯ ತೊಟ್ಟಿಲು. ಹಾಳೆ ಹೆಕ್ಕಿ ಕವುಚಿ ಹಾಕುವುದಕ್ಕೆ ಸರಕಾರ ಬರಬೇಕಾಗಿಲ್ಲ.

ಈಗ ನಮ್ಮ ಸದಸ್ಯರ ಮುಖ್ಯ ಆಕ್ಷೇಪಣೆಗೆ ಬರೋಣ. ಈ ಹೊಗೆಯನ್ನು ಎಬ್ಬಿಸಿದವರು ನಾವಲ್ಲ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಭಾರತೀಯನ ಪಾಲಿಗೆ ಬರುವುದು ಸುಮಾರು 2 ಟನ್. ನೆರಳಿನ ಮರದಡಿ ಕಾಫಿ ಬೆಳೆಯುವ ಎರಡೆಕರೆ-ಮೂರೆಕರೆಯವನ ತೋಟ ಗಾಳಿಯಿಂದ ಇಂಗಾಲವನ್ನು ಎಳೆದು ಮರದಲ್ಲಿ, ಮಣ್ಣಿನಲ್ಲಿ ಇಡುತ್ತದೆಯೇ ಹೊರತು ಸುರಿಯುವುದಿಲ್ಲ. ಹೀಗಿರುವಾಗ ನಮ್ಮನ್ನು ಕೇಳುವುದೇನಿದೆ? ಆಕ್ಷೇಪಣೆ ಸರಿಯಾಗಿದೆ. ಇದನ್ನು ನಾವು ಗಟ್ಟಿಯಾಗಿಯೇ ಹೇಳಬೇಕು. ಆದರೆ ಇದನ್ನು ನಮಗಿಂತ ಗಟ್ಟಿಯಾಗಿ, ನಮಗಿಂತ ಮೊದಲೇ ಹೇಳಿದವರು ಮಕ್ಕಳು ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

1993ರಲ್ಲಿ ಫಿಲಿಪ್ಪೀನ್ಸ್ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದ್ದ ಮೊಕದ್ದಮೆಯಲ್ಲಿ ಅರ್ಜಿದಾರರು ಚಿಕ್ಕ ಮಕ್ಕಳು. ಸರಕಾರ ಕೊಟ್ಟಿದ್ದ ನಾಟಾ ಕಡಿಯುವ ಲೈಸೆನ್ಸುಗಳನ್ನು ರದ್ದು ಮಾಡಬೇಕೆಂಬುದು ಅವರ ಪ್ರಾರ್ಥನೆ. ಮಕ್ಕಳು ತಮ್ಮ ಪರವಾಗಿ ಮಾತ್ರವಲ್ಲ, ಇನ್ನೂ ಹುಟ್ಟದವರ ಪರವಾಗಿಯೂ ದಾವೆ ಹೂಡಬಹುದೆಂದು ಆ ನ್ಯಾಯಾಲಯ ಒಪ್ಪಿತು. ಕಾಫಿಯ ದೇಶವಾದ ಕೊಲಂಬಿಯದಲ್ಲಿ 25 ಮಂದಿ ಮಕ್ಕಳೂ ಯುವಕರೂ ಅಮೆಜಾನ್ ಕಾಡಿನ ನಾಶವನ್ನು ತಡೆಯಬೇಕೆಂದು ಕೇಳಿ 2018ರ ಏಪ್ರಿಲಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ನಮ್ಮ ದೇಶದಲ್ಲಿ ಉತ್ತರಾಖಂಡದ ರಿಧಿಮಾ ಪಾಂಡೆ ಎಂಬ ಹುಡುಗಿ 2017ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. 2013ರಲ್ಲಿ ಕೇದಾರನಾಥದ ಜಲಪ್ರಳಯ ನಡೆದ ರಾಜ್ಯದವಳು ಅವಳು. ನ್ಯಾಯಮಂಡಳಿ 2019ರ ಜನವರಿಯಲ್ಲಿ ಅರ್ಜಿಯನ್ನು ವಜಾ ಮಾಡಿತು; ಆಕೆ ಸುಪ್ರೀಂ ಕೋರ್ಟಿಗೆ ಹೋದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಲವು ದೇಶಗಳ 16 ಮಕ್ಕಳು ಸೇರಿ ಅರ್ಜೆಂಟೀನ, ಬ್ರೆಜಿಲ್, ಫ್ರಾನ್ಸ್, ಜರ್ಮನಿ, ಟರ್ಕಿಗಳ ಮೇಲೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಗೆ ದೂರು ಕೊಟ್ಟಾಗ ಅವರಲ್ಲಿ ಇವಳೂ ಒಬ್ಬಳು. ಮೊದಲು ನಿಮ್ಮ ನಿಮ್ಮ ದೇಶದ ಕೋರ್ಟುಗಳಿಗೆ, ಎಂದರೆ ಆ ಐದು ದೇಶಗಳ ಕೋರ್ಟುಗಳಿಗೆ, ಹೋಗಬೇಕಿತ್ತೆಂದು 2021ರಲ್ಲಿ ಸಮಿತಿ ದೂರನ್ನು ತಳ್ಳಿಹಾಕಿತು. ಹರಿದ್ವಾರದ ಹುಡುಗಿ ಬರ್ಲಿನ್ನಿನಲ್ಲಿ ವಕೀಲರನ್ನು ಎಲ್ಲಿಂದ ಹುಡುಕಬೇಕು ಎಂಬುದು ನಮಗೆ ತಿಳಿಯದು. ಆದರೂ ಆ ತೀರ್ಮಾನದಲ್ಲಿ ಒಂದು ಮಾತು ಉಳಿಯಿತು: ಒಂದು ದೇಶದ ನೆಲದಿಂದ ಎದ್ದ ಹೊಗೆ ಗಡಿಯಾಚೆಯ ಮಗುವಿಗೆ ಹಾನಿ ಮಾಡಿದರೆ ಆ ದೇಶ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ನಮ್ಮ ಆಕ್ಷೇಪಣೆಯೂ ಅದೇ ಅಲ್ಲವೇ?

ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ ಕೊಟ್ಟ ತೀರ್ಪು ಸಹಕಾರಿ ಸಂಘದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ಸರಕಾರ 2030ರವರೆಗೆ ಸುಲಭದ ಕೆಲಸಗಳನ್ನು ಇಟ್ಟುಕೊಂಡು ಹೊಗೆ ಕಡಿಮೆ ಮಾಡುವ ಕಷ್ಟದ ಪಾಲನ್ನೆಲ್ಲ ಆಮೇಲಿನವರ ತಲೆಗೆ ದೂಡಿತ್ತು. ಇದು ಈಗಿನ ಎಳೆಯರ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂದು ಕೋರ್ಟು ಹೇಳಿತು. ನಮ್ಮಲ್ಲಿ ಮಾರ್ಚಿ ತಿಂಗಳಲ್ಲಿ ಏನು ನಡೆಯುತ್ತದೆ? ಹಳೆಯ ಬೆಳೆ ಸಾಲ ತೀರಿತೆಂದು ಪುಸ್ತಕದಲ್ಲಿ ತೋರಿಸಿ, ಅದೇ ದಿನ ಅಷ್ಟೇ ಮೊತ್ತದ ಹೊಸ ಸಾಲ ಬರೆಯುತ್ತೇವೆ. ಅಸಲು ಅಲುಗುವುದಿಲ್ಲ. ಕಾಗದದ ಮೇಲೆ ಎಲ್ಲ ಚೆನ್ನಾಗಿರುತ್ತದೆ, ಯಜಮಾನರು ಕಣ್ಣು ಮುಚ್ಚಿದ ಮೇಲೆ ಮಗ ಬಂದು ಕೌಂಟರಿನಲ್ಲಿ ನಿಂತಾಗ ಅಸಲಿನ ಮುಖ ಕಾಣುತ್ತದೆ. ದೊಡ್ಡ ದೇಶಗಳು ಆಕಾಶದ ಜೊತೆ ಮಾಡುತ್ತಿರುವುದೂ ಈ ಪುಸ್ತಕದ ಹೊಂದಾಣಿಕೆಯನ್ನೇ.

2023ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಅದೇ ಸಮಿತಿ, 121 ದೇಶಗಳ ಮಕ್ಕಳಿಂದ ಬಂದ 16,331 ಅಭಿಪ್ರಾಯಗಳನ್ನು ಪಡೆದು, ಪರಿಸರ ಮತ್ತು ಹವಾಮಾನದ ವಿಷಯದಲ್ಲಿ ಸರಕಾರಗಳ ಕರ್ತವ್ಯ ಏನೆಂಬುದನ್ನು ವಿವರವಾಗಿ ಬರೆದಿಟ್ಟಿತು. ಅದು 26ನೇ ಸಾಮಾನ್ಯ ವ್ಯಾಖ್ಯಾನ ಎಂದು ಹೆಸರಾಗಿದೆ. 2024ರ ಮಾರ್ಚ್ 21ರಂದು ನಮ್ಮ ಸುಪ್ರೀಂ ಕೋರ್ಟು, ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದಿತು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ಹವಾಮಾನ ರಕ್ಷಣೆ ದೇಶಗಳ ಕಾನೂನುಬದ್ಧ ಕರ್ತವ್ಯ ಎಂಬ ಅಭಿಪ್ರಾಯ ಕೊಟ್ಟಿದೆ. ಆ ಪ್ರಯತ್ನ 2019ರಲ್ಲಿ ಶಾಂತಸಾಗರದ ದ್ವೀಪಗಳ ಕಾನೂನು ವಿದ್ಯಾರ್ಥಿಗಳಿಂದ ಶುರುವಾದದ್ದು. ಹೀಗೆ ಮೇಲಿನ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಕೆಳಗಿನ ಸಂಕ ಮಾತ್ರ ಹಾಗೇ ಇದೆ.

ಸಂಕದ ಮಾತು ಬಂದದ್ದರಿಂದ ನಮ್ಮ ಅಂಗಳಕ್ಕೇ ಬರುತ್ತೇವೆ. ಎರಡು ಅಡಿಕೆ ಮರ ಅಡ್ಡ ಹಾಕಿ, ಬಳ್ಳಿಯನ್ನೋ ತಂತಿಯನ್ನೋ ಕೈತಾಂಗು ಮಾಡಿದ ಕಾಲುಸಂಕದ ಮೇಲೆ ದೊಡ್ಡವರು ಬರಿಗಾಲಲ್ಲಿ ದಾಟುತ್ತೇವೆ. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ, ಕಾಲಿಗೆ ರಬ್ಬರ್ ಚಪ್ಪಲಿ ಇರುವ ಮಗುವಿನ ಕಥೆ ಬೇರೆ. 2022ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಹಳ್ಳ ಮೊದಲು ವರ್ಷಕ್ಕೆ ನಾಲ್ಕು ದಿನ ಸಂಕದ ಮೇಲೆ ಹರಿಯುತ್ತಿತ್ತು, ಈಗ ಯಾವ ದಿನ ಹರಿಯುತ್ತದೆಂದು ಹೇಳಲಾಗದು. ಹೊಸ ಮಳೆಗೆ ಹಳೆಯ ಸಂಕ ಸಾಲದು. ಇದನ್ನು ಅಮೆರಿಕ ಬಂದು ಸರಿಮಾಡುವುದಿಲ್ಲ.

ಇನ್ನೊಂದು, ಧರೆ. ಹೇಳಲು ಕಷ್ಟವಾದರೂ ಹೇಳಬೇಕು. ಕೊಡಗಿನ 2018ರ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಮಳೆಯ ಜೊತೆಗೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದಿದ್ದಾರೆ. ನಮ್ಮ ಹೋಬಳಿಯಲ್ಲಿ ಜೆಸಿಬಿ ಬಂದ ಮೇಲೆ ನೆಟ್ಟಗೆ ಕಡಿದ ಧರೆಗಳು ಎಷ್ಟು? ಹೋಂಸ್ಟೇಗೆ ಅಂಗಳ ಬೇಕೆಂದು, ಜೀಪು ಕಣದವರೆಗೆ ಬರಬೇಕೆಂದು, ಗುಡ್ಡದ ಕಾಲನ್ನು ಕತ್ತರಿಸಿದ್ದೇವೆ. ಆ ಧರೆಯ ಕೆಳಗೆ ಹೆಚ್ಚಾಗಿ ಇರುವುದು ನಮ್ಮ ಮನೆಯಲ್ಲ, ಲೈನ್ ಮನೆ. ಅಲ್ಲಿ ಮಲಗುವುದು ಅಸ್ಸಾಮಿನಿಂದಲೋ ಬಯಲುಸೀಮೆಯಿಂದಲೋ ಕೆಲಸಕ್ಕೆ ಬಂದವರ ಮಕ್ಕಳು. ಅವರಿಗೆ ಈ ಗುಡ್ಡದ ಗುಣ ತಿಳಿಯದು, ರಾತ್ರಿ ಧರೆಯಿಂದ ಕೆಂಪು ನೀರು ಜಿನುಗಿದರೆ ಎದ್ದು ಓಡಬೇಕೆಂದು ಹೇಳಿಕೊಟ್ಟವರಿಲ್ಲ. ಮಕ್ಕಳ ಹಕ್ಕು ಎಂದರೆ ನಮ್ಮ ಮಕ್ಕಳದ್ದು ಮಾತ್ರ ಎಂದು ಯಾವ ವಿಧಿಯಲ್ಲೂ ಬರೆದಿಲ್ಲ. ಮಳೆಗೆ ಮುಂಚೆ ಬಸಿಗಾಲುವೆಗಳ ಹೂಳು ತೆಗೆಸುವಾಗ, ತೊಟ್ಟಿಲು ಗುಂಡಿಗಳನ್ನು ಕಡಿದಾದ ಜಾಗದಲ್ಲಿ ಮಾಡುವುದು ಬೇಡವೆಂದು ಯೋಚಿಸುವಾಗ, ಲೈನಿನ ಹಿಂದಿನ ಧರೆಯನ್ನೂ ಒಮ್ಮೆ ಸುತ್ತಿ ನೋಡಿದರೆ ಅರ್ಧ ಗಂಟೆಯ ಕೆಲಸ.

ಬೇಸಿಗೆಯ ಕಥೆಯೂ ಇದೆ. ಹೂಮಳೆ ಕೈಕೊಟ್ಟರೆ ನಾವು ಸ್ಪ್ರಿಂಕ್ಲರ್ ಹಚ್ಚುತ್ತೇವೆ, ಮತ್ತೆ ಬ್ಯಾಕಿಂಗ್ ಮಳೆ ಬರದಿದ್ದರೆ ಮತ್ತೊಂದು ಸುತ್ತು. ರೊಬಸ್ಟಾದವನಿಗೆ ಅದೇ ವರ್ಷದ ಅನ್ನ, ತಪ್ಪೆನ್ನಲಾಗದು. ಆದರೆ ಹಳ್ಳಕ್ಕೆ ಹತ್ತು ಪಂಪು ಇಳಿದರೆ ಕೆಳಗಿನ ಊರಿನ ಬಾವಿ ಒಣಗುತ್ತದೆ, ಕೊಡ ಹಿಡಿದು ದೂರದ ಗುಂಡಿಗೆ ಹೋಗುವುದು ಪರೀಕ್ಷೆಗೆ ಓದಬೇಕಾದ ಹೆಣ್ಣು ಮಗು. ಸರದಿ ಹಾಕಿಕೊಂಡು ನೀರೆತ್ತುವುದನ್ನು ನಮ್ಮ ಹಿರಿಯರು ಅಡಿಕೆ ತೋಟಕ್ಕೆ ಮಾಡಿಕೊಂಡಿದ್ದರು, ನಮಗೇಕೆ ಆಗದು? ಹಾಗೆಯೇ ಅಕಾಲ ಮಳೆ ಬಂದಾಗ ಕಣದಲ್ಲಿ ಟಾರ್ಪಾಲು ಎಳೆಯಲು ಮಕ್ಕಳನ್ನು ಶಾಲೆ ತಪ್ಪಿಸುವುದು. 2021ರ ನವೆಂಬರಿನಲ್ಲಿ ನಮ್ಮ ಮನೆಗಳಲ್ಲೇ ಇದು ನಡೆದಿದೆ, ಬೇರೆಯವರ ಮೇಲೆ ಹೇಳುತ್ತಿಲ್ಲ.

ಬೇಸಿಗೆ ರಜೆಯಲ್ಲಿ ಸ್ವಲ್ಪ ಕಡಿತ ಮಾಡಿ ಆಶ್ಲೇಷಕ್ಕೆ ಹದಿನೈದು ದಿನ ರಜೆ ಕೊಟ್ಟರಾಯಿತು ಎಂಬ ಸಲಹೆ ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ನಮಗೂ ಒಂದು ಕಾಲಕ್ಕೆ ಅದು ಸರಿ ಎನಿಸಿತ್ತು. ಈಗ ಅನ್ನಿಸುವುದಿಲ್ಲ. 2023ರ ಆ ಒಣ ಆಗಸ್ಟಿನಲ್ಲಿ ಹಾಗೆ ರಜೆ ಕೊಟ್ಟಿದ್ದರೆ ಮಕ್ಕಳು ಬಿಸಿಲಿನಲ್ಲಿ ಕ್ರಿಕೆಟ್ ಆಡಿಕೊಂಡಿದ್ದು, ಮುಂದೆ ಮಳೆ ಬಂದಾಗ ಇನ್ನೊಂದು ರಜೆ ಕೇಳಬೇಕಾಗುತ್ತಿತ್ತು. ಪಂಚಾಂಗವನ್ನೇ ನಂಬದ ಮಳೆಗೆ ಪಂಚಾಂಗ ನೋಡಿ ರಜೆ ಕೊಡುವುದು ಹೇಗೆ? ಇಡೀ ತಾಲೂಕಿಗೆ ಒಂದೇ ರಜೆ ಎಂಬುದಕ್ಕಿಂತ, ಯಾವ ಶಾಲೆಗೆ ಯಾವ ಹಳ್ಳ ಅಡ್ಡ, ಎಷ್ಟು ಮಕ್ಕಳು ಆಚೆ ದಡದವರು ಎಂಬ ಪಟ್ಟಿ ಶಾಲೆಯಲ್ಲಿದ್ದು, ಆ ಮಕ್ಕಳಿಗೆ ತಪ್ಪಿದ ಪಾಠವನ್ನು ಲೆಕ್ಕವಿಟ್ಟು ಹಿಂದಿರುಗಿಸುವ ಏರ್ಪಾಡು ಆಗಬೇಕು. ಶನಿವಾರ ಇಡೀ ದಿನ ಶಾಲೆ ನಡೆಸಿ ‘ಸರಿದೂಗಿಸುವುದು’ ನಾಲ್ಕು ದಿನಕ್ಕೆ ಸಾಕು. ಒಂಬತ್ತು ದಿನದವನಿಗೆ ಸಾಲದು.

ಗಾಡ್ಗೀಳ್, ಕಸ್ತೂರಿರಂಗನ್ ವರದಿಗಳ ಹೆಸರೆತ್ತದೆ ಈ ಲೇಖನ ಮುಗಿಸಿದರೆ ನಾವು ಜಾಣತನ ತೋರಿದೆವು ಎಂದಾಗುತ್ತದೆ. 2011ರಿಂದೀಚೆಗೆ ಈ ವಿಷಯದಲ್ಲಿ ನಡೆದ ಸಭೆಗಳಿಗೆ ಲೆಕ್ಕವಿಲ್ಲ. ವಯನಾಡಿನ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಸರಕಾರ ಆರನೇ ಕರಡು ಹೊರಡಿಸಿದಾಗಲೂ ನಾವು ಆಕ್ಷೇಪಣೆ ಬರೆದೆವು. ಬೆಳೆಗಾರನನ್ನು ಒಂದು ಮಾತೂ ಕೇಳದೆ ನಕ್ಷೆಯ ಮೇಲೆ ಗೆರೆ ಎಳೆದರು ಎಂಬ ನಮ್ಮ ದೂರು ಇಂದಿಗೂ ಇದೆ. ಆದರೆ ಆ ಎಲ್ಲ ಸಭೆಗಳಲ್ಲಿ ನಾವು ಬೇಡವೆಂದ ಗೆರೆಯ ಬದಲಿಗೆ ಯಾವ ಗೆರೆ ಬೇಕೆಂದು ಹೇಳಲಿಲ್ಲ. ಮತ್ತು ನಮ್ಮನ್ನು ಕೇಳಲಿಲ್ಲವೆಂದು ಕೂಗಿದ ನಾವು, ಈ ನೆಲದಲ್ಲಿ ನಮಗಿಂತ ಹೆಚ್ಚು ಕಾಲ ಬದುಕಬೇಕಾದವರನ್ನು ಒಂದು ಸಭೆಗೂ ಕರೆಯಲಿಲ್ಲ.

ಕರೆಯುವ ಜಾಗ ಕಾನೂನಿನಲ್ಲೇ ಇದೆ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಗ್ರಾಮಗಳಲ್ಲಿ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದವರು ಮಕ್ಕಳ ಪಂಚಾಯತಿ ನಡೆಸಿ ತೋರಿಸಿದರು. 2006ರಿಂದ ಮಕ್ಕಳ ಗ್ರಾಮಸಭೆ ರಾಜ್ಯದ ಪಂಚಾಯತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಕಾರ್ಯಕ್ರಮ. ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತು. ಸ್ವಾಗತ ಗೀತೆ, ಅಧ್ಯಕ್ಷರ ಭಾಷಣ, ಮಕ್ಕಳಿಗೆ ಬಿಸ್ಕತ್ತು. ಮೈಕು ಮಕ್ಕಳ ಕೈಗೆ ಬರುವಾಗ ಊಟದ ಹೊತ್ತು. ಹೋದ ಸಲ ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆವು. ಆ ಹತ್ತು ನಿಮಿಷದಲ್ಲಿ ಮಕ್ಕಳು ಕೇಳಿದ್ದು ಸಂಕ, ಶಾಲೆಯ ಸೋರುವ ಮಾಡು, ಬಸ್ಸು, ಶೌಚಾಲಯದ ನೀರು. ಒಬ್ಬಳು ಎದ್ದು ನಿಂತು ಶಾಲೆಯ ಹಿಂದಿನ ಧರೆಯಲ್ಲಿ ಬಿರುಕು ಬಿಟ್ಟಿದೆ ಎಂದಳು. ಬರೆದುಕೊಂಡಿದ್ದೇವೆ ಎಂದರು. ಬರೆದುಕೊಂಡ ಪುಸ್ತಕವನ್ನು ಆಮೇಲೆ ಯಾರು ತೆರೆದರೋ!

ಆದುದರಿಂದ ಈ ಬಾರಿಯ ವಾರ್ಷಿಕ ಮಹಾಸಭೆಯ ಮುಂದೆ ಕೆಲವು ಸಂಗತಿಗಳನ್ನು ಇಡಲು ಬಯಸಿದ್ದೇವೆ. ಸಂಘದ ವ್ಯಾಪ್ತಿಯಲ್ಲಿ ಮಕ್ಕಳು ದಾಟುವ ಕಾಲುಸಂಕಗಳೆಷ್ಟು ಎಂಬ ಪಟ್ಟಿ ಮಾಡಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಪಂಚಾಯತಿಯ ಕ್ರಿಯಾಯೋಜನೆಗೆ ಕೊಡುವುದು. ಒಂದೆರಡು ಸಂಕಕ್ಕಾದರೂ ಧರ್ಮಾರ್ಥ ನಿಧಿಯಿಂದ ಕಬ್ಬಿಣದ ಪಟ್ಟಿ, ಕೈಪಿಡಿಗೆ ಸಾಮಗ್ರಿ ಒದಗಿಸುವುದು. ಕೆಲಸಕ್ಕೆ ಆಳು ನಾವೇ ಇದ್ದೇವೆ. ಪ್ರತಿ ಶಾಲೆಗೂ ಒಂದು ಸಾಧಾರಣ ಮಳೆಮಾಪಕ ಕೊಟ್ಟು, ಮಕ್ಕಳೇ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವಂತೆ ಮಾಡುವುದು. ಪಕ್ಕದಲ್ಲೇ ಆ ದಿನ ಎಷ್ಟು ಮಕ್ಕಳು ಬಂದಿಲ್ಲವೆಂಬ ಅಂಕಿ ಇರಲಿ. ವಿಮೆಯವರ ಮಾಪಕ ಕೆಟ್ಟಾಗ ಈ ಪುಸ್ತಕ ನಮಗೂ ಉಪಯೋಗಕ್ಕೆ ಬಂದೀತು, ಸ್ವಾರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಮಕ್ಕಳ ಗ್ರಾಮಸಭೆಗೆ ಸಂಘದ ಇಬ್ಬರು ನಿರ್ದೇಶಕರು ಹೋಗಿ ಮಕ್ಕಳು ಹೇಳಿದ್ದನ್ನು ಬರೆದು ತಂದು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು, ಮುಂದಿನ ವರ್ಷ ಅದರಲ್ಲಿ ಏನಾಯಿತೆಂದು ಮತ್ತೆ ಅಚ್ಚು ಹಾಕಿಸುವುದು. ಲೈನ್ ಮನೆಗಳ ಹಿಂದಿನ ಧರೆಯ ವಿಷಯ ಠರಾವಿನಿಂದ ಆಗುವಂಥದಲ್ಲ. ಅದನ್ನು ಸದಸ್ಯರ ವಿವೇಚನೆಗೆ ಬಿಟ್ಟಿದ್ದೇವೆ, ಆದರೆ ಮೇ ತಿಂಗಳಲ್ಲಿ ನಮ್ಮಲ್ಲಿ ಕೆಲವರು ಬಂದು ನೋಡುತ್ತೇವೆ, ಮುನಿಸಿಕೊಳ್ಳಬಾರದು.

ಸಂಕಗಳ ಪಟ್ಟಿಯನ್ನು ಮಹಾಸಭೆಗೆ ಹದಿನೈದು ದಿನ ಮೊದಲು ಕಛೇರಿಯಲ್ಲಿ ಕೊಡಬೇಕಾಗಿ ಅರಿಕೆ. ಹಳ್ಳದ ಅಗಲ ಎಷ್ಟು ಅಡಿ, ದಾಟುವ ಮಕ್ಕಳೆಷ್ಟು, ಹೋದ ಮಳೆಗಾಲದಲ್ಲಿ ಎಷ್ಟು ದಿನ ದಾಟಲಾಗಲಿಲ್ಲ ಎಂಬುದನ್ನು ಬರೆಯಿರಿ. ಕೊನೆಯದನ್ನು ಮಕ್ಕಳನ್ನೇ ಕೇಳಿ ಬರೆಯಿರಿ, ಅವರ ಲೆಕ್ಕ ಸರಿಯಾಗಿರುತ್ತದೆ.